ಆಂಟೆನಾ ವ್ಯೂಹ ಮತ್ತು ಅತಿವಿಶಾಲ ಪಟ್ಟೆಯ ರೇಡಿಯೋ: ಕಲ್ಯಾಣದ ಮೂವತ್ತೆರಡು ತಟ್ಟೆಗಳಿಂದ ಮುಂದಕ್ಕೆ

ಮುಂಬಯಿಯಿಂದ ಈಶಾನ್ಯ ದಿಕ್ಕಿಗೆ ಸಾಗುವ ಮಧ್ಯ ರೈಲ್ವೆಯ ಮಾರ್ಗದಲ್ಲಿ ಥಾಣೆ, ಡೊಂಬಿವಲಿಗಳನ್ನು ದಾಟಿದ ಬಳಿಕ ಕಲ್ಯಾಣವೆಂಬ ದೊಡ್ಡ ಜಂಕ್ಷನ್ ಬರುತ್ತದೆ. ಅಲ್ಲಿಂದ ಒಂದು ಹಾದಿ ಕಸಾರಾ ಘಾಟಿನ ಮೂಲಕ ನಾಸಿಕದ ಕಡೆಗೂ, ಇನ್ನೊಂದು ಕರ್ಜತ್, ಪುಣೆಗಳ ಮೂಲಕ ಸೊಲ್ಲಾಪುರ, ಕಲಬುರಗಿಗಳ ಕಡೆಗೂ ಕವಲೊಡೆಯುತ್ತದೆ. ಉದ್ಯೋಗವನ್ನರಸಿ ಬಂದು ಈ ಊರುಗಳಲ್ಲಿಯೂ ಖಾಡಿಯ ಆಚೆಯ ನವಿಮುಂಬಯಿಯಲ್ಲಿಯೂ ನೆಲೆಸಿದ ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ಆದರೆ ಅವರಲ್ಲಿಯೂ ಅನೇಕರಿಗೆ ತಿಳಿಯದ ಸಂಗತಿಯೊಂದುಂಟು. ಹಲವು ಆಂಟೆನಾಗಳನ್ನು ಒಂದು ಕ್ರಮದಲ್ಲಿ ನಿಲ್ಲಿಸಿ, ಅವೆಲ್ಲವೂ ಕೂಡಿ ಒಂದೇ ದೊಡ್ಡ ಆಂಟೆನಾದಂತೆ ಕೆಲಸ ಮಾಡುವಂತೆ ಯೋಜಿಸುವ ವಿದ್ಯೆಯನ್ನು ನಮ್ಮ ದೇಶದ ರೇಡಿಯೋ ಖಗೋಳಜ್ಞರು ಮೊದಲಿಗೆ ದೊಡ್ಡ ಪ್ರಮಾಣದಲ್ಲಿ ಕಲಿತದ್ದು ಇದೇ ಕಲ್ಯಾಣದಲ್ಲಿ, 1965ರಲ್ಲಿ.

ಇಂದು ಕೈಫೋನಿನಲ್ಲಿ, ಮೋಟಾರು ಕಾರಿನ ಕೀಲಿಯಲ್ಲಿ, ಕುಸಿದ ಕಟ್ಟಡದಡಿ ಉಸಿರಾಟವನ್ನು ಹುಡುಕುವ ಯಂತ್ರದಲ್ಲಿ ಬಳಕೆಗೆ ಬರುತ್ತಿರುವ ಅತಿವಿಶಾಲ ಪಟ್ಟೆಯ ರೇಡಿಯೋವಿಗೂ ಇದೇ ವಿದ್ಯೆ ಆಧಾರ. ಕಲ್ಯಾಣದ ಪಾಠವನ್ನು ಮೊದಲು ಅರಿತುಕೊಂಡರೆ, ಅತಿವಿಶಾಲ ಪಟ್ಟೆಗೆ ಬಂದಾಗ ಅದರಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ತಲೆಕೆಳಗಾಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಸಿಡ್ನಿಯಿಂದ ಬಂದ ತಟ್ಟೆಗಳು

ಗೋವಿಂದ ಸ್ವರೂಪ್ ಅವರು 1953ರಲ್ಲಿ ಕೊಲಂಬೋ ಯೋಜನೆಯ ನೆರವಿನಿಂದ ಆಸ್ಟ್ರೇಲಿಯಕ್ಕೆ ತೆರಳಿದಾಗ ಸಿಡ್ನಿಯ ಸಮೀಪದ ಪಾಟ್ಸ್ ಹಿಲ್ ಜಲಾಶಯದ ದಂಡೆಯಲ್ಲಿ ಸುಮಾರು 1.8 ಮೀಟರ್ ವ್ಯಾಸದ 32 ತಟ್ಟೆಯಾಕಾರದ ಆಂಟೆನಾಗಳ ಸಾಲೊಂದಿತ್ತು. ಡಬ್ಲ್ಯು. ಎನ್. ಕ್ರಿಸ್ಚಿಯನ್‌ಸನ್ ಅವರು ಸೂರ್ಯನನ್ನು ರೇಡಿಯೋ ತರಂಗಗಳಲ್ಲಿ ನೋಡುವುದಕ್ಕಾಗಿ ಅದನ್ನು ರಚಿಸಿದ್ದರು. ಸ್ವರೂಪ್ ಮತ್ತು ಅವರ ಸಹೋದ್ಯೋಗಿ ಆರ್. ಪಾರ್ಥಸಾರಥಿಯವರು ಅದೇ ಸಾಲನ್ನು 500 ಮೆಗಾಹರ್ಟ್ಸ್ ಆವೃತ್ತಿಗೆ ಹೊಂದಿಸಿ ಕೆಲಸ ಮಾಡಿದರು. ಆಸ್ಟ್ರೇಲಿಯದವರು ಇನ್ನೂ ದೊಡ್ಡ ಉಪಕರಣವನ್ನು ಕಟ್ಟಲು ಹೊರಟಿದ್ದರಿಂದ ಈ ತಟ್ಟೆಗಳು ಅಲ್ಲಿ ಕೆಲಸವಿಲ್ಲದೆ ಉಳಿಯುವಂತಿದ್ದವು. ಅವನ್ನು ಭಾರತಕ್ಕೆ ಕೊಡಬಹುದೇ ಎಂದು ಸ್ವರೂಪ್ ಕೇಳಿದರು. ಅಲ್ಲಿನ ವಿಜ್ಞಾನ ಸಂಸ್ಥೆಯಾದ ಸಿಎಸ್‌ಐಆರ್‌ಒ ಒಪ್ಪಿತು. ಸಾಗಾಟದ ವೆಚ್ಚದ ಪ್ರಶ್ನೆಯಿಂದ ತಡವಾಗಿ, ಕೊನೆಗೆ ತಟ್ಟೆಗಳು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವನ್ನು ತಲುಪುವ ವೇಳೆಗೆ ಸ್ವರೂಪ್ ಅಮೆರಿಕದಲ್ಲಿದ್ದರು.

1961ರಲ್ಲಿ ಸ್ವರೂಪ್, ಟಿ. ಕೆ. ಮೆನನ್, ಎಂ. ಆರ್. ಕುಂಡು ಮತ್ತು ಟಿ. ಕೃಷ್ಣನ್, ಈ ನಾಲ್ವರು, ಭಾರತದಲ್ಲಿ ರೇಡಿಯೋ ಖಗೋಳ ವಿಜ್ಞಾನದ ತಂಡವೊಂದನ್ನು ಕಟ್ಟುವ ಪ್ರಸ್ತಾವವನ್ನು ಬರೆದು ಕಳುಹಿಸಿದರು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ನಿರ್ದೇಶಕರಾಗಿದ್ದ ಹೋಮಿ ಭಾಭಾ ಅವರು 1962ರ ಆರಂಭದಲ್ಲಿಯೇ ತಂತಿ ಕಳುಹಿಸಿ ಒಪ್ಪಿಗೆ ನೀಡಿದರು. ಸ್ವರೂಪ್ 1963ರ ಏಪ್ರಿಲಿನಲ್ಲಿ ಮುಂಬಯಿಯಲ್ಲಿ ಕೆಲಸಕ್ಕೆ ಸೇರಿದರು. ದೆಹಲಿಯ ತಟ್ಟೆಗಳು ಅವರ ಕೈಸೇರಿದವು. ನಗರದ ಗದ್ದಲದಿಂದ ದೂರವಾಗಿಯೂ ರೈಲಿಗೆ ಹತ್ತಿರವಾಗಿಯೂ ಇದ್ದ ಕಲ್ಯಾಣದಲ್ಲಿ 24 ತಟ್ಟೆಗಳನ್ನು ಪೂರ್ವ-ಪಶ್ಚಿಮವಾಗಿ 630 ಮೀಟರ್ ಉದ್ದಕ್ಕೂ, ಉಳಿದ 8ನ್ನು ಉತ್ತರ-ದಕ್ಷಿಣವಾಗಿ 256 ಮೀಟರ್ ಉದ್ದಕ್ಕೂ ನಿಲ್ಲಿಸಲಾಯಿತು. 1965ರಲ್ಲಿ ಈ ವ್ಯೂಹ 610 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಸೂರ್ಯನನ್ನು ಗಮನಿಸತೊಡಗಿತು. ಮೂರು ವರ್ಷಗಳ ಕಾಲ ನಡೆದ ಆ ವೀಕ್ಷಣೆಗಳಿಂದ, ಶಾಂತಸ್ಥಿತಿಯ ಸೂರ್ಯಬಿಂಬ ಈ ಆವೃತ್ತಿಯಲ್ಲಿ ಅಂಚಿನ ಕಡೆಗೆ ಹೆಚ್ಚು ಪ್ರಕಾಶಿಸುತ್ತದೆಯೆಂದೂ, ಸೂರ್ಯನ ಹೊರಕವಚವಾದ ಕರೋನಾದ ಉಷ್ಣತೆ ಹತ್ತು ಲಕ್ಷ ಡಿಗ್ರಿಗಳ ಮಟ್ಟದ್ದೆಂದೂ ಕಂಡುಬಂದಿತು.

ಬೇರೊಂದು ದೇಶ ಬಳಸಿ ಬಿಟ್ಟ ತಟ್ಟೆಗಳಿಂದ ಇಷ್ಟು ಸಾಧ್ಯವಾಯಿತು. ತಟ್ಟೆಗಳು ಹಳೆಯವಾದರೂ ಅವನ್ನು ನಿಲ್ಲಿಸುವ ಲೆಕ್ಕ ಹಳತಾಗಿರಲಿಲ್ಲ.

ಕೂಡಿಸುವ ಲೆಕ್ಕ

610 ಮೆಗಾಹರ್ಟ್ಸ್ ಆವೃತ್ತಿಯ ತರಂಗದ ಉದ್ದ ಸುಮಾರು 49 ಸೆಂಟಿಮೀಟರ್. 1.8 ಮೀಟರ್ ವ್ಯಾಸದ ಒಂದೇ ತಟ್ಟೆಗೆ ಆಕಾಶದಲ್ಲಿ ಸುಮಾರು 18 ಡಿಗ್ರಿ ಅಗಲದ ಪ್ರದೇಶವೆಲ್ಲ ಒಂದಾಗಿಯೇ ಕಾಣುತ್ತದೆ. ಸೂರ್ಯಬಿಂಬದ ಅಗಲವೋ ಅರ್ಧ ಡಿಗ್ರಿ ಮಾತ್ರ. ನಮ್ಮ ಪಂಚಾಂಗದ ಮಾನದಲ್ಲಿ ಹೇಳುವುದಾದರೆ ಸುಮಾರು 32 ಕಲೆ. ಇಂತಹ ತಟ್ಟೆಯಿಂದ ಸೂರ್ಯನ ಅಂಚು ಯಾವುದು, ನಡು ಯಾವುದು ಎಂದು ತಿಳಿಯುವುದು ಅಸಾಧ್ಯ. ಆದರೆ 630 ಮೀಟರಿನ ಸಾಲಿನ ತಟ್ಟೆಗಳೆಲ್ಲದರ ಸಂಕೇತಗಳನ್ನು ಕೂಡಿಸಿದಾಗ ಸುಮಾರು ಎರಡೂವರೆ ಕಲೆಯಷ್ಟು ಸೂಕ್ಷ್ಮವಾದ ಭೇದವನ್ನು ಗುರುತಿಸಬಹುದು. ತಟ್ಟೆಗಳ ನಡುವಿನ ಜಾಗ ಖಾಲಿಯಾಗಿದ್ದರೂ ಸೂಕ್ಷ್ಮತೆಗೆ ಬೇಕಾದದ್ದು ಸಾಲಿನ ಒಟ್ಟು ಉದ್ದ.

ಕೂಡಿಸುವುದೆಂದರೆ ತಂತಿಗಳನ್ನು ಒಂದೆಡೆ ಗಂಟು ಹಾಕುವುದಲ್ಲ. ತೇರಿನ ಹಗ್ಗವನ್ನು ಹಿಡಿದ ನೂರು ಮಂದಿ ತಮತಮಗೆ ತೋಚಿದ ಗಳಿಗೆಯಲ್ಲಿ ಜಗ್ಗಿದರೆ ತೇರು ಕದಲುವುದಿಲ್ಲ. ಎಲ್ಲರೂ ಒಂದೇ ಕೂಗಿಗೆ ಜಗ್ಗಬೇಕು. ಒಂದು ತಟ್ಟೆಯಿಂದ ಬಂದ ತರಂಗದ ಉಬ್ಬು ಇನ್ನೊಂದರ ಉಬ್ಬಿನ ಮೇಲೆಯೇ ಬೀಳಬೇಕು. 49 ಸೆಂಟಿಮೀಟರಿನ ತರಂಗದಲ್ಲಿ ಹಾದಿಯ ಉದ್ದ ಒಂದು ಸೆಂಟಿಮೀಟರ್ ತಪ್ಪಿದರೂ ಪೂರ್ಣ ಆವರ್ತದ 360 ಡಿಗ್ರಿಗಳಲ್ಲಿ ಸುಮಾರು 7 ಡಿಗ್ರಿ ಹಿಂದುಮುಂದಾಗುತ್ತದೆ. ಅರ್ಧ ಕಿಲೋಮೀಟರಿಗೂ ಉದ್ದವಾದ ಸಾಲಿನಲ್ಲಿ, ಕೊಂಕಣದ ಬಿಸಿಲು ಮಳೆಗಳಲ್ಲಿ ಹಿಗ್ಗಿ ಕುಗ್ಗುವ ತಂತಿಗಳೊಡನೆ ಈ ಶಿಸ್ತನ್ನು ಕಾಯುವುದು ಎಂತಹ ಶ್ರಮದ ಕೆಲಸವೆಂಬುದನ್ನು ಓದುಗರು ಊಹಿಸಬಹುದು.

ಹೀಗೆ ಕೂಡಿದಾಗ ದೊರೆಯುವ ಲಾಭ ಎರಡು ಬಗೆಯದು. ಹತ್ತು ಆಂಟೆನಾಗಳ ಸಂಕೇತಗಳು ಸರಿಹೊಂದಿ ಕೂಡಿದರೆ ವೋಲ್ಟೇಜು ಹತ್ತು ಮಡಿ, ಆದ್ದರಿಂದ ಶಕ್ತಿ ನೂರು ಮಡಿ. ಪ್ರತಿಯೊಂದು ಆಂಟೆನಾದ ಗ್ರಾಹಕದಲ್ಲಿ ತಾನಾಗಿ ಹುಟ್ಟುವ ಗೊಂದಲಕ್ಕೆ ಇಂತಹ ತಾಳವಿಲ್ಲ. ಅದು ಜಾತ್ರೆಯ ಮಾತುಗಳಂತೆ ಅಡ್ಡಾದಿಡ್ಡಿಯಾಗಿ ಸೇರಿ ಹತ್ತು ಮಡಿ ಮಾತ್ರ ಆಗುತ್ತದೆ. ಒಟ್ಟಿನಲ್ಲಿ ಸಂಕೇತವು ಗೊಂದಲಕ್ಕಿಂತ ಹತ್ತು ಪಟ್ಟು ಸ್ಪಷ್ಟವಾಗುತ್ತದೆ. ಎರಡನೆಯ ಲಾಭ ದಿಕ್ಕಿನದು: ಒಂದು ದಿಕ್ಕಿನಿಂದ ಬಂದದ್ದು ಮಾತ್ರ ಸರಿಹೊಂದುತ್ತದೆ, ಉಳಿದ ದಿಕ್ಕಿನದು ಪರಸ್ಪರ ಅಳಿಸಿಹೋಗುತ್ತದೆ.

ಆದರೆ ಪೂರ್ತಿಯಾಗಿ ಅಳಿಸುವುದಿಲ್ಲ. 24 ತಟ್ಟೆಗಳನ್ನು 630 ಮೀಟರಿನಲ್ಲಿ ಸಮನಾಗಿ ಹಂಚಿದರೆ ಒಂದರಿಂದ ಇನ್ನೊಂದಕ್ಕೆ ಸುಮಾರು 27 ಮೀಟರ್ ಅಂತರ. ಓರೆಯಾಗಿ ಬಂದ ತರಂಗವು ಪಕ್ಕದ ತಟ್ಟೆಗೆ ಸರಿಯಾಗಿ ಒಂದು ತರಂಗದುದ್ದದಷ್ಟು ತಡವಾಗಿ ತಲುಪಿದರೆ ಅದೂ ಉಬ್ಬಿಗೆ ಉಬ್ಬು ಸೇರಿ ಸರಿಹೊಂದಿಬಿಡುತ್ತದೆ. ಹೀಗೆ ಸುಮಾರು ಒಂದೊಂದು ಡಿಗ್ರಿಗೆ ಒಂದರಂತೆ ಹುಸಿ ದಿಕ್ಕುಗಳು ಹುಟ್ಟುತ್ತವೆ. ಸೂರ್ಯನ ವಿಷಯದಲ್ಲಿ ಈ ದೋಷವೇ ಅನುಕೂಲವಾಯಿತೆಂಬುದು ಸ್ವಾರಸ್ಯಕರ. ಬಿಂಬವು ಅರ್ಧ ಡಿಗ್ರಿಯಷ್ಟೇ ಆದುದರಿಂದ ಎರಡು ಹುಸಿ ದಿಕ್ಕುಗಳ ನಡುವೆ ಗೊಂದಲವಿಲ್ಲದೆ ಹಿಡಿಸುತ್ತದೆ. ಭೂಮಿಯ ಭ್ರಮಣೆಯಿಂದ ಆಕಾಶ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುವುದರಿಂದ ಮಧ್ಯಾಹ್ನದ ಹೊತ್ತಿಗೆ ನಾಲ್ಕಾರು ನಿಮಿಷಕ್ಕೊಮ್ಮೆ ಸೂರ್ಯ ತಾನಾಗಿಯೇ ಒಂದೊಂದು ಕಿರಣವನ್ನು ದಾಟಿ ತನ್ನ ಚಿತ್ರವನ್ನು ಬರೆಸಿಕೊಳ್ಳುತ್ತಾನೆ.

ಪಟ್ಟೆ ಅಗಲವಾದಾಗ

ಕಲ್ಯಾಣದ ಲೆಕ್ಕವೆಲ್ಲ ಒಂದೇ ತರಂಗದುದ್ದವನ್ನು ನಂಬಿ ನಿಂತದ್ದು. ಅತಿವಿಶಾಲ ಪಟ್ಟೆಯ ರೇಡಿಯೋ ಆ ನಂಬಿಕೆಯನ್ನೇ ಕೈಬಿಡುತ್ತದೆ.

ವಿಷಯ ಹೊಸದೇನೂ ಅಲ್ಲ. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ತೋರಿಸಿದ ಪ್ರಯೋಗದಲ್ಲಿಯೂ, ಮಾರ್ಕೋನಿಯ ತಂತಿರಹಿತ ವಾರ್ತೆಯಲ್ಲಿಯೂ ಇದ್ದದ್ದು ವಿದ್ಯುತ್ ಕಿಡಿ. ಕಿಡಿಯೆಂದರೆ ಅತ್ಯಲ್ಪ ಕಾಲದ ಆಘಾತ; ಅದರಲ್ಲಿ ಅನೇಕ ಆವೃತ್ತಿಗಳು ಒಟ್ಟಿಗೇ ಇರುತ್ತವೆ. ಎಲ್ಲರ ಸಂಕೇತವೂ ಎಲ್ಲರ ಮೇಲೆ ಬಿದ್ದು ಗೊಂದಲವಾಗುವುದರಿಂದ ಕಿಡಿಯ ಪ್ರೇಷಕಗಳು ಕ್ರಮೇಣ ನಿಷಿದ್ಧವಾಗಿ, ಒಬ್ಬೊಬ್ಬರಿಗೂ ಕಿರಿದಾದ ಒಂದೊಂದು ಪಟ್ಟೆಯನ್ನು ಹಂಚಿಕೊಡುವ ಪದ್ಧತಿ ಬಂದಿತು. ಅಮೆರಿಕದ ಸಂಪರ್ಕ ಆಯೋಗವು 2002ರ ಫೆಬ್ರವರಿಯಲ್ಲಿ ಹಳೆಯ ಬಾಗಿಲನ್ನು ಷರತ್ತಿನೊಂದಿಗೆ ಮತ್ತೆ ತೆರೆಯಿತು: 3,100ರಿಂದ 10,600 ಮೆಗಾಹರ್ಟ್ಸ್‌ವರೆಗಿನ ಇಡೀ ಹರವನ್ನು ಬಳಸಬಹುದು, ಆದರೆ ಯಾವೊಂದು ಮೆಗಾಹರ್ಟ್ಸ್‌ನಲ್ಲಿಯೂ ಹೊರಸೂಸುವ ಶಕ್ತಿ ಒಂದು ವ್ಯಾಟಿನ ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ, ಸುಮಾರು 75 ನ್ಯಾನೋವ್ಯಾಟ್, ಇರಬೇಕು. 7,500 ಮೆಗಾಹರ್ಟ್ಸ್‌ಗಳ ಮೊತ್ತ ಹಾಕಿದರೂ ಅರ್ಧ ಮಿಲಿವ್ಯಾಟಿಗಿಂತ ಸ್ವಲ್ಪ ಹೆಚ್ಚು. ಅದೇ ನೆಲದಲ್ಲಿ ಮೊದಲೇ ಇರುವವರಿಗೆ ಕೇಳಿಸದಷ್ಟು ಮೆಲುದನಿಯಲ್ಲಿ ಮಾತಾಡಬೇಕೆಂಬುದೇ ಷರತ್ತಿನ ತಾತ್ಪರ್ಯ.

ಇಷ್ಟು ಮೆಲುದನಿ ಕೆಲವು ಹತ್ತು ಮೀಟರ್‌ಗಳಾಚೆ ಕೇಳಿಸುವುದು ಕಷ್ಟ. ಆದ್ದರಿಂದಲೇ ವ್ಯೂಹದ ನೆರವು ಬೇಕಾಗುತ್ತದೆ. ಇಲ್ಲಿ ಅನೇಕರು ಗಮನಿಸದ ಒಂದು ಸೂಕ್ಷ್ಮವಿದೆ. ನಿಯಮದ ಮಿತಿಯು ಪ್ರೇಷಕ ಯಂತ್ರದೊಳಗಿನ ಶಕ್ತಿಗಲ್ಲ, ಅತಿ ಬಲವಾದ ದಿಕ್ಕಿನಲ್ಲಿ ಹೊರಹೊಮ್ಮುವ ಶಕ್ತಿಗೆ ಅನ್ವಯಿಸುತ್ತದೆ. ಪ್ರೇಷಕದಲ್ಲಿ ವ್ಯೂಹವಿಟ್ಟು ಕಿರಣವನ್ನು ಒಂದೆಡೆಗೆ ಕೂಡಿಸಿದರೆ ಮೂಲಶಕ್ತಿಯನ್ನು ಅಷ್ಟೇ ತಗ್ಗಿಸಬೇಕಾಗುತ್ತದೆ. ದೂರದ ಲೆಕ್ಕದಲ್ಲಿ ಲಾಭವಿಲ್ಲ. ವ್ಯೂಹದ ನಿಜವಾದ ಗಳಿಕೆ ಗ್ರಾಹಕದ ಬದಿಯಲ್ಲಿದೆ. ಅಲ್ಲಿ ನಾಲ್ಕು ಆಂಟೆನಾಗಳನ್ನು ಸರಿಯಾಗಿ ಕೂಡಿಸಿದರೆ ಸ್ಪಷ್ಟತೆ ನಾಲ್ಕು ಮಡಿಯಾಗಿ, ತೆರೆದ ಬಯಲಿನಲ್ಲಿ ದೂರ ಎರಡು ಮಡಿಯಾಗುತ್ತದೆ. ಕೇಳುವವನಿಗೆ ಕಿವಿಗಳನ್ನು ಹೆಚ್ಚಿಸಿಕೊಳ್ಳಲು ಯಾವ ನಿಯಮದ ಅಡ್ಡಿಯೂ ಇಲ್ಲ.

ಕೂಡಿಸುವ ಬಗೆ ಮಾತ್ರ ಬದಲಾಗಬೇಕು. ಕಿರಿದಾದ ಪಟ್ಟೆಯಲ್ಲಿ ವ್ಯೂಹದ ನೋಟವನ್ನು ತಿರುಗಿಸಲು ಪ್ರತಿ ಆಂಟೆನಾದ ತರಂಗವನ್ನೂ ಆವರ್ತದ ಇಂತಿಷ್ಟು ಭಾಗ ಹಿಂದೆ ಸರಿಸಿದರೆ ಸಾಕು. ಗಡಿಯಾರದ ಮುಳ್ಳು ಒಂದು ಸುತ್ತು ಹೆಚ್ಚು ತಿರುಗಿದರೂ ಅದು ತೋರಿಸುವ ಅಂಕೆ ಒಂದೇ ಆಗಿರುವಂತೆ, ಪೂರ್ಣ ಆವರ್ತಗಳ ವ್ಯತ್ಯಾಸವನ್ನು ಕಡೆಗಣಿಸಬಹುದು. ವಿಶಾಲ ಪಟ್ಟೆಯಲ್ಲಿ ಇದು ನಡೆಯುವುದಿಲ್ಲ. 6,000 ಮೆಗಾಹರ್ಟ್ಸ್‌ನಲ್ಲಿ 30 ಡಿಗ್ರಿ ಓರೆಯಾಗಿ ನೋಡುವಂತೆ ಹೊಂದಿಸಿದ ವ್ಯೂಹವು, ಅದೇ ಹೊಂದಿಕೆಯಲ್ಲಿ, 3,100 ಮೆಗಾಹರ್ಟ್ಸ್‌ನಲ್ಲಿ ಸುಮಾರು 75 ಡಿಗ್ರಿಯತ್ತಲೂ 10,600ರಲ್ಲಿ 16 ಡಿಗ್ರಿಯತ್ತಲೂ ನೋಡುತ್ತದೆ. ಸಂಕೇತದ ಒಂದೊಂದು ಬಣ್ಣ ಒಂದೊಂದು ಬೀದಿಗೆ ಚೆದುರಿಹೋಯಿತೆಂದು ತಿಳಿಯಬೇಕು. ಆದ್ದರಿಂದ ಇಲ್ಲಿ ಆವರ್ತದ ಭಾಗವನ್ನಲ್ಲ, ನಿಜವಾದ ಕಾಲವನ್ನೇ ಅಳೆದು ತಡೆಹಿಡಿಯಬೇಕು. ಬೇರೆ ಬೇರೆ ಉದ್ದದ ತಂತಿಗಳ ಮೂಲಕ ಹಾಯಿಸುವುದು ಒಂದು ದಾರಿ. ಪ್ರತಿ ಆಂಟೆನಾದ ಸಂಕೇತವನ್ನೂ ಅಂಕಿಗಳಾಗಿ ಮಾರ್ಪಡಿಸಿ ಗಣಕದಲ್ಲಿ ಸರಿಸುವುದು ಇನ್ನೊಂದು. ಆದರೆ ಸೆಕೆಂಡಿಗೆ ನೂರಾರು ಕೋಟಿ ಅಳತೆಗಳನ್ನು ತೆಗೆಯಬಲ್ಲ ಪರಿವರ್ತಕ ಆಂಟೆನಾಕ್ಕೊಂದರಂತೆ ಬೇಕಾಗುವುದರಿಂದ ಅದು ದುಬಾರಿಯಾಗಿದ್ದು, ಹೆಚ್ಚು ವಿದ್ಯುತ್ತನ್ನೂ ಬೇಡುತ್ತದೆ.

ಈ ಕಷ್ಟಕ್ಕೆ ಪ್ರತಿಫಲವೂ ಇದೆ. 7,500 ಮೆಗಾಹರ್ಟ್ಸ್‌ನ ಪೂರ್ಣ ಪಟ್ಟೆಯನ್ನು ಬಳಸಿದರೆ ಒಂದು ಸ್ಪಂದದ ಕಾಲ ಒಂದು ಸೆಕೆಂಡಿನ ಶತಕೋಟಿಯ ಒಂದು ಭಾಗದಲ್ಲಿ ಸುಮಾರು ಎಂಟನೆಯ ಒಂದು ಪಾಲು. ಅಷ್ಟರಲ್ಲಿ ಬೆಳಕು ಸಾಗುವುದು ನಾಲ್ಕು ಸೆಂಟಿಮೀಟರ್. ಹತ್ತು ಹತ್ತು ಸೆಂಟಿಮೀಟರ್ ಅಂತರದ ನಾಲ್ಕು ಆಂಟೆನಾಗಳಿಗೆ ಎದುರಿನಿಂದ ಬಂದ ಸ್ಪಂದಗಳು ಒಂದರ ಮೇಲೊಂದು ಬಿದ್ದು ನಾಲ್ಕು ಪಟ್ಟು ಎತ್ತರವಾಗುತ್ತವೆ. 30 ಡಿಗ್ರಿ ಓರೆಯಿಂದ ಬಂದವು ಐದೈದು ಸೆಂಟಿಮೀಟರ್ ಹಿಂದೆ ಬೀಳುವುದರಿಂದ ಒಂದನ್ನೊಂದು ಮುಟ್ಟದೆ, ಒಂದರ ಹಿಂದೊಂದಾಗಿ, ಒಂದೊಂದೇ ಪಟ್ಟು ಎತ್ತರದಲ್ಲಿ ಹಾದುಹೋಗುತ್ತವೆ. ಎಲ್ಲಿಯೂ ಮತ್ತೆ ಪೂರ್ತಿಯಾಗಿ ಕೂಡುವುದಿಲ್ಲ. ಕಲ್ಯಾಣದಲ್ಲಿ ಡಿಗ್ರಿಗೊಂದರಂತೆ ಹುಟ್ಟುತ್ತಿದ್ದ ಹುಸಿ ದಿಕ್ಕುಗಳು ಇಲ್ಲಿ ಮಾಯವಾಗುತ್ತವೆ. ಆಂಟೆನಾಗಳನ್ನು ವಿರಳವಾಗಿ ನಿಲ್ಲಿಸಿಯೂ ಒಂದೇ ದಿಕ್ಕನ್ನು ಪಡೆಯಬಹುದು.

ವ್ಯೂಹದ ಒಂದೊಂದು ಆಂಟೆನಾವೂ ಇಡೀ ಪಟ್ಟೆಗೆ ಒಗ್ಗಬೇಕಾಗುತ್ತದೆ. ಈ ವಿಷಯದಲ್ಲಿ ಕರ್ನಾಟಕದಲ್ಲಿಯೇ ಉತ್ತಮ ನಿದರ್ಶನವಿದೆ. ಗೌರಿಬಿದನೂರಿನ ವೀಕ್ಷಣಾಲಯದಲ್ಲಿ 1997ರಿಂದ ಕೆಲಸ ಮಾಡುತ್ತಿರುವ ಭಾರತೀಯ ಖಭೌತ ಸಂಸ್ಥೆಯ ಸೌರ ರೇಡಿಯೋ ವ್ಯೂಹವು ಉದ್ದದಿಂದ ಗಿಡ್ಡಕ್ಕೆ ಕ್ರಮವಾಗಿ ಇಳಿಯುವ ಸರಳುಗಳ ಲಾಗ್-ಪೀರಿಯಾಡಿಕ್ ಆಂಟೆನಾಗಳಿಂದ 40ರಿಂದ 150 ಮೆಗಾಹರ್ಟ್ಸ್‌ವರೆಗಿನ ಹರವಿನಲ್ಲಿ ಸೂರ್ಯನನ್ನು ನೋಡುತ್ತದೆ. ಕಲ್ಯಾಣದಲ್ಲಿ ಒಂದೇ ಆವೃತ್ತಿಯಲ್ಲಿ ಕಂಡ ಕರೋನಾದ ಬೇರೆ ಬೇರೆ ಎತ್ತರಗಳನ್ನು ಹೀಗೆ ಪದರ ಪದರವಾಗಿ ನೋಡಬಹುದು. ಆದರೆ ಇದೇ ಬಗೆಯ ಆಂಟೆನಾವನ್ನು ಸ್ಪಂದಗಳ ರೇಡಿಯೋವಿಗೆ ಬಳಸಿದರೆ ತೊಂದರೆ: ಒಂದೊಂದು ಆವೃತ್ತಿ ಒಂದೊಂದು ಸರಳಿನಿಂದ ಹೊರಡುವುದರಿಂದ ಚೂಪಾದ ಸ್ಪಂದ ಎಳೆದ ರಾಗದಂತೆ ಹಿಗ್ಗಿಹೋಗುತ್ತದೆ. ಸ್ಪಂದಕ್ಕೆ ನಾಗಸ್ವರದ ಬಾಯಿಯಂತೆ ಮೆಲ್ಲಗೆ ಅಗಲವಾಗುವ ಸೀಳಿನ ಆಂಟೆನಾ ಮೇಲು. ಪಕ್ಕಪಕ್ಕದ ಆಂಟೆನಾಗಳು ಪರಸ್ಪರ ಪ್ರಭಾವಿಸುವ ಸಮಸ್ಯೆಯೂ ಉಂಟು. ಅದರ ವಿವರ ಇಲ್ಲಿ ಅನಾವಶ್ಯಕ.

2019ರಿಂದೀಚೆಗೆ ಕೆಲವು ಕೈಫೋನುಗಳಲ್ಲಿ ಬಂದಿರುವ ಅತಿವಿಶಾಲ ಪಟ್ಟೆಯ ಉಪಕರಣಗಳು ಸುಮಾರು 500 ಮೆಗಾಹರ್ಟ್ಸ್ ಅಗಲವನ್ನು ಮಾತ್ರ ಬಳಸುತ್ತವೆ. ಸ್ಪಂದ ಹೋಗಿ ಬರುವ ಕಾಲದಿಂದ ದೂರವೂ, ಸುಮಾರು ಎರಡು ಸೆಂಟಿಮೀಟರ್ ಅಂತರದ ಎರಡು ಮೂರು ಆಂಟೆನಾಗಳಿಂದ ದಿಕ್ಕೂ ಅವಕ್ಕೆ ತಿಳಿಯುತ್ತದೆ. ಕಲ್ಯಾಣದ 630 ಮೀಟರಿನ ತತ್ವ ಹೀಗೆ ಅಂಗೈಯೊಳಗೆ ಅಡಗಿದೆ.

ಅವಶೇಷಗಳ ಕೆಳಗಿನ ಉಸಿರು

ಈ ವಿದ್ಯೆ ಥಾಣೆ ಜಿಲ್ಲೆಯ ಜನತೆಗೆ ಬೇರೆ ಯಾವ ಉಪಯೋಗಕ್ಕಿಂತಲೂ ಹೆಚ್ಚಾಗಿ ಮುಖ್ಯವಾಗುವುದು ಕಟ್ಟಡಗಳ ಕುಸಿತದ ಸಂದರ್ಭದಲ್ಲಿ. 2013ರ ಏಪ್ರಿಲ್ 4ರಂದು ಮುಂಬ್ರಾ ಸಮೀಪದ ಶಿಳಫಾಟಾದಲ್ಲಿ ಅನಧಿಕೃತವಾಗಿ ಕಟ್ಟುತ್ತಿದ್ದ ಕಟ್ಟಡವೊಂದು ಕುಸಿದು 70ಕ್ಕೂ ಹೆಚ್ಚು ಮಂದಿ ಸತ್ತರು. 2020ರ ಸೆಪ್ಟೆಂಬರ್ 21ರ ಬೆಳಗಿನ ಜಾವ ಭಿವಂಡಿಯಲ್ಲಿ ಕುಸಿದ ವಸತಿ ಕಟ್ಟಡದಡಿ ಸುಮಾರು 40 ಮಂದಿ ಮಡಿದರು. ಇಂತಹ ವೇಳೆಯಲ್ಲಿ ಚಪ್ಪಡಿಗಳ ರಾಶಿಯ ಯಾವ ಮೂಲೆಯಲ್ಲಿ ಜೀವಂತರಿದ್ದಾರೆಂಬುದು ತಿಳಿಯದೆ ಯಂತ್ರವನ್ನು ತಪ್ಪು ಜಾಗದಲ್ಲಿ ಹೂಡಿದರೆ ಬದುಕಿದ್ದವರ ಮೇಲೆಯೇ ರಾಶಿ ಜಾರಬಹುದು.

ಮೂರ್ಛೆ ಹೋದವನು ಕೂಗಲಾರ, ಆದರೆ ಉಸಿರಾಡುತ್ತಾನೆ. ಉಸಿರಿಗೆ ಎದೆ ಕೆಲವು ಮಿಲಿಮೀಟರ್ ಏರಿಳಿಯುತ್ತದೆ, ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಬಾರಿ. ವಿಶಾಲ ಪಟ್ಟೆಯ ರೇಡಾರು ಸ್ಪಂದಗಳನ್ನು ರಾಶಿಯೊಳಕ್ಕೆ ಕಳುಹಿಸಿ ಮರುದನಿಗಳನ್ನು ದಾಖಲಿಸುತ್ತದೆ. 1,000 ಮೆಗಾಹರ್ಟ್ಸ್ ಅಗಲದ ಪಟ್ಟೆಯಿದ್ದರೆ ಆಳದಲ್ಲಿ 15 ಸೆಂಟಿಮೀಟರ್ ಅಂತರದ ಎರಡು ವಸ್ತುಗಳು ಬೇರೆಬೇರೆಯಾಗಿ ತೋರುತ್ತವೆ. ಒಂದು ದಾಖಲೆಯಿಂದ ಅದರ ಹಿಂದಿನದನ್ನು ಕಳೆದರೆ ಕದಲದ ಕಾಂಕ್ರೀಟು, ಸರಳು, ಇಟ್ಟಿಗೆಗಳ ಮರುದನಿ ಅಳಿಸಿಹೋಗಿ ಏರಿಳಿಯುವ ಎದೆಯ ಮರುದನಿ ಉಳಿಯುತ್ತದೆ. ಅದರೊಡನೆ ರಾಶಿಯ ಮೇಲೆ ನಿಂತ ರಕ್ಷಣಾ ಸಿಬ್ಬಂದಿಯ ಚಲನೆಯೂ ಉಳಿಯುತ್ತದೆ. ಅದು ಉಸಿರಿಗಿಂತ ಎಷ್ಟೋ ಪ್ರಬಲ. ಇಲ್ಲಿಯೇ ವ್ಯೂಹ ತನ್ನ ಬೆಲೆಯನ್ನು ತೋರಿಸುತ್ತದೆ. ಅನೇಕ ಗ್ರಾಹಕ ಆಂಟೆನಾಗಳಿದ್ದರೆ ಕೆಳಗಿನಿಂದ ಬಂದದ್ದನ್ನು ಕೂಡಿಸಿ, ಮೇಲಿನಿಂದ, ಪಕ್ಕದಿಂದ ಬಂದದ್ದನ್ನು ಅಳಿಸಬಹುದು. ಉಸಿರು ಎಷ್ಟು ಆಳದಲ್ಲಿದೆಯೆಂಬುದರ ಜತೆಗೆ ಯಾವ ಬದಿಯಲ್ಲಿದೆಯೆಂದೂ ಹೇಳಬಹುದು. ಒಂದೇ ಆಂಟೆನಾದ ಯಂತ್ರ ದೂರವನ್ನು ಮಾತ್ರ ಹೇಳೀತು. ಹಾಗಿದ್ದರೂ ಅಳತೆಯ ಕೆಲವು ನಿಮಿಷಗಳ ಕಾಲ ಸುತ್ತಲಿನ ಜನ ಅಲುಗಾಡದೆ ನಿಲ್ಲುವುದು ಅಗತ್ಯ. ನೆರೆದ ಜನಸ್ತೋಮ ಇದನ್ನು ಅರಿತರೆ ಅದೇ ದೊಡ್ಡ ಸಹಾಯ.

ಮಿತಿಗಳನ್ನೂ ಮುಚ್ಚಿಡಬಾರದು. ನೀರು ಈ ತರಂಗಗಳನ್ನು ಹೀರುತ್ತದೆ. ಮಳೆಗಾಲದಲ್ಲಿ ತೊಯ್ದ ಕಾಂಕ್ರೀಟಿನ ಹಲವು ಪದರಗಳನ್ನು ಹೆಚ್ಚಿನ ಆವೃತ್ತಿಗಳು ದಾಟಲಾರವು. ಕಡಿಮೆ ಆವೃತ್ತಿಗೆ ಇಳಿದರೆ ಆಳ ಸಿಗುತ್ತದೆ, ಆದರೆ ಆಂಟೆನಾ ದೊಡ್ಡದಾಗಿ ಪಟ್ಟೆ ಕಿರಿದಾಗಿ ಸೂಕ್ಷ್ಮತೆ ತಗ್ಗುತ್ತದೆ. ನಡುವೆ ತಗಡಿನ ಹಾಳೆಯೊಂದು ಬಿದ್ದಿದ್ದರೆ ಅದರ ಹಿಂದಿನದು ಕಾಣುವುದೇ ಇಲ್ಲ. ಯಂತ್ರ ಮೌನವಾಗಿದ್ದರೆ ಅಲ್ಲಿ ಯಾರೂ ಇಲ್ಲವೆಂದು ತೀರ್ಮಾನಿಸುವುದು ಸಲ್ಲದು. ನಾಯಿಗಳ ಮೂಗು, ಸಣ್ಣ ಸದ್ದನ್ನು ಹಿಡಿಯುವ ಶ್ರವಣಯಂತ್ರ, ನೆರೆಹೊರೆಯವರ ತಿಳಿವಳಿಕೆ, ಇವುಗಳ ಜತೆಗೆ ಇದೂ ಒಂದು ಸಾಧನ.

ಮೆಲುದನಿಯ ನೆರೆಹೊರೆ

ಅತಿವಿಶಾಲ ಪಟ್ಟೆಯ ಉಪಕರಣಗಳು ಹೆಚ್ಚಿದಂತೆ ಅವುಗಳ ಮೆಲುದನಿಗಳ ಮೊತ್ತ ಯಾರಿಗೆ ಕೇಳಿಸುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಉಪಗ್ರಹಗಳಿಂದ ಸ್ಥಾನವನ್ನು ತಿಳಿಸುವ ಸಂಕೇತಗಳು ಭೂಮಿಯನ್ನು ಮುಟ್ಟುವಾಗ ಅತ್ಯಂತ ಕ್ಷೀಣವಾಗಿರುವುದರಿಂದ 960ರಿಂದ 1,610 ಮೆಗಾಹರ್ಟ್ಸ್‌ನ ಹರವಿನಲ್ಲಿ 2002ರ ಅಮೆರಿಕದ ನಿಯಮ ಮಿತಿಯನ್ನು ಸಾವಿರ ಪಟ್ಟಿಗೂ ಹೆಚ್ಚು ಬಿಗಿಗೊಳಿಸಿತು. ರೇಡಿಯೋ ಖಗೋಳಜ್ಞರು ಕೇಳುವ ಸಂಕೇತಗಳು ಅದಕ್ಕಿಂತಲೂ ಕ್ಷೀಣ.

ಕಲ್ಯಾಣದ ಬಳಿಕ ಸ್ವರೂಪ್ ಅವರ ತಂಡ ಉದಕಮಂಡಲದ ಇಳಿಜಾರಿನಲ್ಲಿ 530 ಮೀಟರ್ ಉದ್ದ, 30 ಮೀಟರ್ ಅಗಲದ ದೂರದರ್ಶಕವನ್ನು 1970ರಲ್ಲಿ ಪೂರೈಸಿತು. ಆಮೇಲೆ 45 ಮೀಟರ್ ವ್ಯಾಸದ 30 ತಟ್ಟೆಗಳ ಬೃಹತ್ ವ್ಯೂಹವನ್ನು ಪುಣೆ ಜಿಲ್ಲೆಯ ನಾರಾಯಣಗಾಂವ್ ಬಳಿಯ ಖೋಡದದಲ್ಲಿ ಕಟ್ಟಿತು. ಕಲ್ಯಾಣದಿಂದ ಮುರಬಾಡ, ಮಾಳಶೇಜ ಘಾಟಗಳ ಹಾದಿಯಲ್ಲಿ ಹೊರಟವರು ಸಹ್ಯಾದ್ರಿಯನ್ನು ಏರಿದ ಮೇಲೆ ಆ ಸೀಮೆಯನ್ನೇ ತಲುಪುತ್ತಾರೆ. ಸಮುದ್ರ ತೀರದ ನಗರಗಳ ರೇಡಿಯೋ ಗದ್ದಲವನ್ನು ಬೆಟ್ಟಸಾಲು ತಡೆಯುತ್ತದೆಂಬುದು ಆ ಸ್ಥಳದ ಒಂದು ಗುಣ. ಅಲ್ಲಿಯೂ ಈಗ ಪಟ್ಟೆ ಅಗಲವಾಗಿದೆ: ಮೊದಲು 32 ಮೆಗಾಹರ್ಟ್ಸ್ ಇದ್ದದ್ದು ನವೀಕರಣದ ನಂತರ 400 ಮೆಗಾಹರ್ಟ್ಸ್‌ವರೆಗೆ ವಿಸ್ತರಿಸಿದೆ. ಪಟ್ಟೆ ಅಗಲವಾದಷ್ಟೂ ದೂರದ ಗೆಲಾಕ್ಸಿಗಳ ಸಂಕೇತದೊಡನೆ ಮನುಷ್ಯನಿರ್ಮಿತ ಸದ್ದೂ ಹೆಚ್ಚಾಗಿ ಒಳಬರುತ್ತದೆ. ಒಂದು ದಿಕ್ಕಿನ ಸದ್ದನ್ನು ಗುರುತಿಸಿ ಅಳಿಸುವ ವ್ಯೂಹದ ಶಕ್ತಿಯನ್ನು ಈಗ ಅದಕ್ಕಾಗಿಯೂ ಬಳಸಬೇಕಾಗಿದೆ.

ನವಿಮುಂಬಯಿಯ ಖಾರಘರದಲ್ಲಿಯೂ ಪವಾಯಿಯಲ್ಲಿಯೂ ಕೆಲಸ ಮಾಡುವ ಸಮೀರ್ ಎಂಬ ಸೂಕ್ಷ್ಮತರಂಗ ಸಂಶೋಧನ ಸಂಸ್ಥೆ ಟಾಟಾ ಸಂಸ್ಥೆಯ ಬಳಗದಿಂದಲೇ ಬೆಳೆದು 1984ರಲ್ಲಿ ಸ್ವತಂತ್ರವಾದುದು. ತಿರುಪತಿಯ ಸಮೀಪದ ಗಾದಂಕಿಯಲ್ಲಿ ವಾಯುಮಂಡಲದ ಗಾಳಿಯನ್ನು ಅಳೆಯುವ, 1,024 ಆಂಟೆನಾಗಳ ರೇಡಾರನ್ನು ರೂಪಿಸಿದವರು ಅವರು. ಹೀಗೆ ವ್ಯೂಹದ ವಿದ್ಯೆ ಈ ಪ್ರದೇಶದಲ್ಲಿ ಖಗೋಳದಿಂದ ಹವಾಮಾನಕ್ಕೂ ಹರಿದಿದೆ.

ಕಲ್ಯಾಣದ ತಟ್ಟೆಗಳು 610 ಮೆಗಾಹರ್ಟ್ಸ್‌ನಲ್ಲಿ ಸೂರ್ಯನನ್ನು ನೋಡಿದ ಕಾಲದಲ್ಲಿ ಊರಿನ ಸುತ್ತ ಗದ್ದೆಗಳಿದ್ದವು. ಈಗ ಅದೇ ದಿಗಂತದಲ್ಲಿ ಬಹುಮಹಡಿಗಳೂ ಕೈಫೋನಿನ ಗೋಪುರಗಳೂ ತುಂಬಿವೆ. ಆದರೂ ರೇಡಿಯೋ ಆವೃತ್ತಿಗಳ ಹಂಚಿಕೆಯ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಭಾರತದ ಹೆಸರಿನಲ್ಲಿ ಒಂದು ಅಡಿಟಿಪ್ಪಣಿಯಿದೆ. 608ರಿಂದ 614 ಮೆಗಾಹರ್ಟ್ಸ್‌ವರೆಗಿನ ಆರು ಮೆಗಾಹರ್ಟ್ಸ್‌ಗಳ ಕಿರಿದಾದ ಪಟ್ಟೆ ನಮ್ಮ ದೇಶದಲ್ಲಿ ರೇಡಿಯೋ ಖಗೋಳ ವಿಜ್ಞಾನಕ್ಕೂ ಪ್ರಥಮ ದರ್ಜೆಯ ಹಕ್ಕಿನೊಂದಿಗೆ ಮೀಸಲಾಗಿದೆಯೆಂದು ಅದು ಹೇಳುತ್ತದೆ.